ಅತ್ತೆಯ ಕಾಲಕ್ಕೆ ನಿಂತ ಗೇಟುಮನೆ

ಏಳನೇ ಗೇಟಿನ ಗೇಟಕ್ಕನ ಬಗ್ಗೆ ಅಕ್ಕಪಕ್ಕದವರು ಹೇಳುತ್ತಿದ್ದ ಮಾತು ಹೀಗಿತ್ತು: ಯಮನ ಕೋಣವೇ ಬರಲಿ, ಗಾಡಿ ದಾಟುವವರೆಗೆ ಅವಳು ಗೇಟು ತೆಗೆಯುವವಳಲ್ಲ. ಅದಕ್ಕೆ ಇನ್ನೊಬ್ಬರು ಬಾಲ ಸೇರಿಸುತ್ತಿದ್ದರು. ಅವಳು ಕೋಣೆಯಿಂದ ಕೋಣೆಗೆ ಹೋಗುವಾಗಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿಕೊಂಡೇ ಹೋಗುತ್ತಾಳಂತೆ. ಎದುರುಮನೆಯ ದರ್ಜಿಯ ಹೆಂಡತಿ ಹೇಳುತ್ತಿದ್ದುದು ಮಾತ್ರ ಬೇರೆ. 'ಅವಳ ಬಾಯಲ್ಲಿ ನಾನು ಅನ್ನೋ ಮಾತು ಬಂದಿದ್ದು ನಾ ಕೇಳೇ ಇಲ್ಲ. ಏನು ಕೇಳಿದ್ರೂ ನಮ್ಮತ್ತೆ ಹೀಗೆ ಮಾಡ್ತಿದ್ರು, ನಮ್ಮತ್ತೆ ಹಾಗೆ ಹೇಳ್ತಿದ್ರು. ಇಂಥ ಸೊಸೆಯೂ ಇರ್ತಾಳಾ?' ನಗಾಡುತ್ತ ಹೇಳಿದ ಈ ಮೂರನೆಯ ಮಾತೇ ಕಡೆಗೆ ಅವಳ ಕಾಲಿಗೆ ಸುತ್ತಿಕೊಂಡಿತು.

ಊರು ರೈಲಿನಿಂದ ಹುಟ್ಟಿದ್ದು. ಸ್ಟೇಷನ್ನು, ಅದರ ಹಿಂದೆ ಎಂಜಿನ್ ಶೆಡ್ಡು, ಅದರಾಚೆ ಕೆಂಪು ಇಟ್ಟಿಗೆಯ ಕ್ವಾರ್ಟರ್ಸ್ ಸಾಲು, ಸಾಲು ಮುಗಿದಲ್ಲಿ ಹಳಿಯನ್ನು ಅಡ್ಡ ಹಾಯುವ ರಸ್ತೆ. ಆ ರಸ್ತೆಗೆ ಏಳನೇ ಗೇಟು, ಗೇಟಿಗೊಂದು ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ನಾಲ್ಕು ಜನ ಕೂರುವಷ್ಟು ಜಗಲಿ. ಜಗಲಿಯಿಂದ ಹಳಿಗೆ ಹನ್ನೊಂದು ಹೆಜ್ಜೆ. ಗಾಡಿ ಹೋದಾಗಲೆಲ್ಲ ಅಡುಗೆಮನೆಯ ಹಲಗೆಯ ಮೇಲಿನ ಪಾತ್ರೆಗಳು ಒಂದು ಕಾಳಿನಷ್ಟು ಮುಂದಕ್ಕೆ ಜರುಗುತ್ತಿದ್ದವು. ಸಂಜೆ ಅವನ್ನೆಲ್ಲ ಹಿಂದಕ್ಕೆ ತಳ್ಳುವುದು ಆ ಮನೆಯ ಹೆಂಗಸರ ಕಡೆಯ ಕೆಲಸ. ಮರೆತರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಒಂದಾದರೂ ಬೀಳುತ್ತಿತ್ತು.

ಗೇಟಿನ ಕೆಲಸ ನೋಡಲು ಸಣ್ಣದು. ಸ್ಟೇಷನ್ನಿನಿಂದ ಫೋನು ಬರುತ್ತದೆ: ಗಾಡಿ ಬಿಡುತ್ತಿದ್ದೇವೆ, ಗೇಟು ಹಾಕು. ಚಕ್ರ ತಿರುಗಿಸಿ ಎರಡೂ ಕಡೆಯ ಕಂಬ ಇಳಿಸಿ, ಬೀಗ ಹಾಕಿ, ಹಾಕಿದೆ ಎಂದು ಹೇಳಬೇಕು. ಆಗ ಸ್ಟೇಷನ್ನಿನವರು ಒಂದು ನಂಬರು ಕೊಡುತ್ತಾರೆ. ಆ ನಂಬರನ್ನು ತಿರುಗಿ ಹೇಳಿದ ಮೇಲೆಯೇ ಗಾಡಿ ಹೊರಡುವುದು; ದಿನದ ನಂಬರೆಲ್ಲ ಗೇಟಿನ ಪುಸ್ತಕಕ್ಕೂ ಏರಬೇಕು. ನಂಬರು ತಪ್ಪಿದರೆ ಹಾಕಿದ ಗೇಟೂ ಹಾಕಿದಂತಲ್ಲ. ಗೇಟಕ್ಕನ ಅತ್ತೆಗೆ ಓದುಬರಹ ಬಾರದು. ಹಗಲುಪಾಳಿಯ ಇಪ್ಪತ್ತಾರು ಗಾಡಿಯ ಇಪ್ಪತ್ತಾರು ನಂಬರನ್ನೂ ಬಾಯಲ್ಲಿಟ್ಟುಕೊಂಡು, ಸಂಜೆ ಮಗ ಬಂದ ಮೇಲೆ ಒಂದೊಂದಾಗಿ ಹೇಳಿ ಬರೆಸುತ್ತಿದ್ದರು. ರಾತ್ರಿಪಾಳಿ ಮಾವನದು. ಎರಡೂ ಸೇರಿ ದಿನಕ್ಕೆ ನಲವತ್ತೆರಡು ಗಾಡಿ.

ಅಂಥ ಮನೆಗೆ ಅವಳು ಸೊಸೆಯಾಗಿ ಬಂದಾಗ ಹತ್ತೊಂಬತ್ತು ವರ್ಷ. ವರ್ಷದ ಕಡೆಯ ತಿಂಗಳಲ್ಲಿ ಆ ಮನೆಯ ಮಗಳು ಮದುವೆಯಾಗಿ ಹೋದಳು. ಹೊಸ ವರ್ಷದ ಮೊದಲ ತಿಂಗಳಲ್ಲಿ ಇವಳು ಬಂದಳು. 'ನನ್ನ ಹಾಸಿಗೆ ಆರೋಕೆ ಮುಂಚೆ ಬಂದು ಮಲಗಿದೋಳು ನೀನು' ಎಂದು ನಾದಿನಿ ಜೀವಮಾನವಿಡೀ ಚುಚ್ಚುತ್ತಿದ್ದಳು. ಅರವತ್ತು ದಾಟಿದರೂ ಆ ನಾದಿನಿಗೆ ಪುಟ್ಟಿ ಎಂದೇ ಹೆಸರು. ಕೊಟ್ಟದ್ದು ಊರೊಳಗೇ, ಸ್ಟೇಷನ್ ಹಿಂದಿನ ಬೀದಿಗೆ. ಹಾಗಾಗಿ ಜಗಳ ತಣ್ಣಗಾಗಲು ಸಾಕಷ್ಟು ದೂರ ಸಿಗಲೇ ಇಲ್ಲ. ಒಬ್ಬರನ್ನೊಬ್ಬರು ಬಿಟ್ಟಿರಲೂ ಆಗಲಿಲ್ಲ.

ಸೊಸೆ ಬಂದ ವರ್ಷವೇ ಮನೆಗೆ ಕರೆಂಟು ಬಂತು, ಹಿತ್ತಲಿಗೆ ನಲ್ಲಿ ಬಂತು. ಸೊಸೆಯ ಕಾಲ್ಗುಣ ಎಂದು ಅತ್ತೆಯೇ ಹತ್ತು ಜನರೆದುರು ಹೇಳಿದರು. ಅಷ್ಟು ಸಾಕಾಯಿತು ಅವಳಿಗೆ. ಅತ್ತೆಗೆ ವಯಸ್ಸಾದಾಗ ಗೇಟು ಇವಳ ಹೆಸರಿಗೆ ಬಂತು. ಗಂಡ ಹಳಿ ರಿಪೇರಿಯ ಗ್ಯಾಂಗಿನವನು, ಮಾತು ಕಡಿಮೆ. ಮಕ್ಕಳಾಗಲಿಲ್ಲ. ಮೊದಲು ಮಾವ ಹೋದರು, ಆಮೇಲೆ ಅತ್ತೆ, ಆಮೇಲೆ ಗಂಡ. ಗಾಡಿಗಳೂ ಹಾಗೆಯೇ ಒಂದೊಂದಾಗಿ ಹೋದವು. ನಲವತ್ತೆರಡು ಇದ್ದದ್ದು ಇಪ್ಪತ್ತಾಯಿತು, ಆರಾಯಿತು. ಕಡೆಗೆ ಊರಾಚೆ ಬಯಲಿನಲ್ಲಿ ಹೊಸ ಮಾರ್ಗ ಬಿತ್ತು. ಒಂದು ಬೆಳಿಗ್ಗೆಯ ಎರಡು ಬೋಗಿಯ ಗಾಡಿಗೆ ಹಸಿರು ಬಾವುಟ ತೋರಿಸಿ ಒಳಗೆ ಬಂದಳು, ಮತ್ತೆ ಫೋನು ಬರಲಿಲ್ಲ. ಹಲಗೆಯ ಮೇಲಿನ ಪಾತ್ರೆಗಳು ಇಟ್ಟಲ್ಲೇ ನಿಂತವು.

ರೈಲು ಹೋದ ಊರಿಗೆ ಉಳಿಯುವುದೇನು? ರೈಲಿನ ಮಾತು. ಆ ಮಾತನ್ನೇ ನಂಬಿ ಊರವರು ಒಂದು ಸಮಿತಿ ಮಾಡಿಕೊಂಡರು. ಸ್ಟೇಷನ್ನು ಮೊದಲ ಮ್ಯೂಸಿಯಂ ಆಯಿತು, ಎಂಜಿನ್ ಶೆಡ್ಡು ಎರಡನೆಯದು, ಡ್ರೈವರುಗಳು ತಂಗುತ್ತಿದ್ದ ಉದ್ದನೆ ಕಟ್ಟಡ ಮೂರನೆಯದು. ಒಂದೇ ಟಿಕೆಟ್ಟಿಗೆ ಮೂರೂ ನೋಡಬಹುದು. ರಜಾದಿನ ಬಸ್ಸುಗಳಲ್ಲಿ ಜನ ಬರತೊಡಗಿದರು. ಸಮಿತಿಯ ಕಾರ್ಯದರ್ಶಿ ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಪಾಠ ಹೇಳಿದವರು, ಇರುವೆಗೂ ದಾರಿ ಬಿಟ್ಟು ನಡೆಯುವವರು. ಅವರೇ ಒಂದು ದಿನ ಗೇಟುಮನೆಯ ಜಗಲಿಗೆ ಬಂದು ಕೂತು ವಿಷಯ ತೆಗೆದರು. ಗೇಟುಮನೆ ಈಗ ಸಮಿತಿಗೆ ಸೇರಿದೆ, ನಾಲ್ಕನೇ ಮ್ಯೂಸಿಯಂ ಆಗಬೇಕು. ಆದರೆ ನಿಮ್ಮನ್ನು ಏಳಿಸುವ ಮಾತಿಲ್ಲ. ಮನೆಯವರು ಬದುಕಿರುವ ತನಕ ಅಲ್ಲೇ ವಾಸ ಇರಬಹುದು ಅಂತ ಇಲಾಖೆಯ ಕಾಗದದಲ್ಲೇ ಇದೆ. ಮನೆ ಮಾತ್ರ ಯಾವುದಾದರೂ ಒಂದು ವರ್ಷ ಹೇಗಿತ್ತೋ ಹಾಗಿರಬೇಕು. ಆ ವರ್ಷ ಯಾವುದು ಅಂತ ನೀವೇ ಹೇಳಿ. ಅದಕ್ಕೆ ಮುಂಚೆ ಉಳಿದ ಮೂರನ್ನೂ ಒಮ್ಮೆ ನೋಡಿಕೊಂಡು ಬನ್ನಿ.

ಅತ್ತಿಗೆ ನಾದಿನಿ ಇಬ್ಬರೂ ಹೋದರು. ಹುಟ್ಟಿ ಬೆಳೆದ ಊರಿನಲ್ಲಿ ಟಿಕೆಟ್ ಹಿಡಿದು ಓಡಾಡುವುದು ಪುಟ್ಟಿಗೆ ಭಾರಿ ತಮಾಷೆ. ಸ್ಟೇಷನ್ ಮಾಸ್ಟರ ಕೋಣೆಯಲ್ಲಿ ಮೇಜಿನ ಹಿಂದೆ ಗಾರೆಯ ಬೊಂಬೆ ಕೂರಿಸಿದ್ದರು. ನಮ್ಮ ಸ್ಟೇಷನ್ ಮಾಸ್ಟರ್ ಇಷ್ಟು ಹೊತ್ತು ಕುರ್ಚಿ ಮೇಲೆ ಕೂತಿದ್ದನ್ನ ನಾ ಕಂಡಿಲ್ಲ ಎಂದಳು ಪುಟ್ಟಿ. ಎಂಜಿನ್ ಶೆಡ್ಡಿನಲ್ಲಿ ತೊಳೆದು ಬಣ್ಣ ಬಳಿದ ಎಂಜಿನ್ನು, ಮುಟ್ಟಿದರೆ ಕೈಗೆ ಮಸಿಯಿಲ್ಲ. ಡ್ರೈವರುಗಳ ತಂಗುಮನೆಯಲ್ಲಿ ಹನ್ನೆರಡು ಮಂಚ, ಹನ್ನೆರಡು ಹೊದಿಕೆ, ಎಲ್ಲವನ್ನೂ ಒಂದೇ ಅಳತೆಗೆ ಮಡಚಿಟ್ಟಿದ್ದರು. ಗೇಟಕ್ಕ ಒಂದೊಂದನ್ನೂ ನೋಡುತ್ತ ಹೋದಳು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಗೇಟಿನ ಪುಸ್ತಕ ತೆರೆದಿಟ್ಟಿದ್ದರು. ಅಕ್ಷರ ನೋಡುತ್ತಲೇ ಅವಳಿಗೆ ಗೊತ್ತಾಯಿತು: ತನ್ನ ಗಂಡನ ಹದಿಹರೆಯದ ಕೈ. ಅತ್ತೆ ಹೇಳಿ ಬರೆಸಿದ ನಂಬರುಗಳು. ಒಂದು ಪುಟಕ್ಕೆ ಸಾಲದೆ ಮುಂದಿನ ಪುಟಕ್ಕೆ ಹರಿದಿದ್ದವು.

ಮೇಷ್ಟ್ರು ಮತ್ತೆ ಬಂದಾಗ ಪುಟ್ಟಿಯೂ ಜಗಲಿಯ ಮೇಲಿದ್ದಳು. 'ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ' ಎಂದು ಮೇಷ್ಟ್ರು ನಗುತ್ತ ಪೆನ್ನು ತೆಗೆದರು. 'ಯಾರ ಕಾಲ ಬರ್ಕೊಳ್ಲಿ?'

'ನನ್ ಕಾಲದಲ್ಲಿ ಏನಿತ್ತು ಮೇಷ್ಟ್ರೇ? ಇದ್ದಿದ್ದು ಆರು ಗಾಡಿ' ಎಂದಳು ಗೇಟಕ್ಕ. 'ನಲವತ್ತೆರಡು ಗಾಡಿ ಓಡಿದ ವರ್ಷ ಬರ್ಕೊಳ್ಳಿ. ಮನೆ ಅಂದ್ರೆ ನಮ್ಮತ್ತೆದು.'

ಪುಸ್ತಕದ ಪ್ರಕಾರ ದಿನಕ್ಕೆ ನಲವತ್ತೆರಡು ಗಾಡಿ ಓಡಿದ್ದು ಒಂದೇ ವರ್ಷ. ಅವಳು ಬರುವ ಹಿಂದಿನ ವರ್ಷ. ಅವಳು ಬಂದ ವರ್ಷವೇ ಒಂದು ಗಾಡಿ ಕಡಿಮೆಯಾಗಿ ನಲವತ್ತೊಂದಾಗಿತ್ತು. ಮೇಷ್ಟ್ರು ಬರೆದುಕೊಂಡರು. ಪುಟ್ಟಿ ಅತ್ತಿಗೆಯ ಕೈ ಹಿಡಿದು ಒಂದು ಸಲ ಒತ್ತಿದಳು. ನಲವತ್ತೈದು ವರ್ಷದಲ್ಲಿ ಅವಳು ಚುಚ್ಚದೆ ಸುಮ್ಮನಿದ್ದದ್ದು ಅವತ್ತೊಂದೇ ದಿನ ಇರಬೇಕು.

ಆಮೇಲೆ ಮನೆ ಖಾಲಿಯಾಗತೊಡಗಿತು. ಗ್ಯಾಸ್ ಒಲೆ ಹೋಯಿತು, ಸೌದೆ ಒಲೆ ಬಂತು. ಟೀವಿ, ಪ್ಲಾಸ್ಟಿಕ್ ಬಕೆಟ್ಟು, ಗೋಡೆಯ ಕನ್ನಡಿ ಹೋದವು. ಕರೆಂಟಿನ ತಂತಿ ಕಿತ್ತು ಲಾಟೀನು ತೂಗುಹಾಕಿದರು. ನಲ್ಲಿ ತೆಗೆದರು, ನೀರು ರಸ್ತೆಯ ತುದಿಯ ಕೊಳಾಯಿಯಿಂದ. ತವರಿನಿಂದ ತಂದ ಟ್ರಂಕನ್ನು ಎತ್ತುವಾಗ ಮೇಷ್ಟ್ರೇ ಮುಜುಗರಪಟ್ಟರು. ಹೋಗಲಿ ಬಿಡಿ, ಅದು ಆಮೇಲೆ ಬಂದದ್ದು ತಾನೆ ಎಂದು ಅವಳೇ ಒಂದು ಕಡೆಯ ಹಿಡಿ ಹಿಡಿದಳು. ಅವಳ ಮದುವೆಯ ಫೋಟೋ ಇಳಿಸಿದ ಜಾಗದಲ್ಲಿ ಗೋಡೆ ಬೆಳ್ಳಗೆ ಉಳಿಯಿತು. ಅದಕ್ಕೂ ಸುತ್ತಲಿನ ಹೊಗೆಬಣ್ಣ ಬಳಿದು ಒಂದು ಮಾಡಿದರು. ಬಾಗಿಲಲ್ಲಿ ಹಿತ್ತಾಳೆಯ ಹಲಗೆ ಬಂತು: ಈ ವರ್ಷ ಈ ಮನೆಯಲ್ಲಿ ವಾಸವಿದ್ದವರು ಗೇಟಿನಾಕೆ, ಆಕೆಯ ಗಂಡ, ಒಬ್ಬ ಮಗ, ಒಬ್ಬಳು ಮಗಳು.

ಕಡೆಗೆ ಅತ್ತೆಯೂ ಬಂದರು. ಪುಟ್ಟಿ ಹೇಳಿದ ಗುರುತಿನ ಮೇಲೆ ಬೊಂಬೆ ಮಾಡುವವನು ಗಾರೆಯಲ್ಲಿ ಎರಕ ಹೊಯ್ದಿದ್ದ. ಮಡಿಲಲ್ಲಿ ಸುತ್ತಿದ ಬಾವುಟ ಇಟ್ಟುಕೊಂಡು ಮುಂದಿನ ಕೋಣೆಯಲ್ಲಿ ಕೂತ ಅತ್ತೆ, ನೋಡಿದರೆ ಪುಟ್ಟಿಯ ಪಡಿಯಚ್ಚು. ನನ್ನ ಮುಖ ನೋಡ್ಕೊಂಡೇ ಮಾಡಿದಾನೆ ಪಾಪಿ ಎಂದು ಪುಟ್ಟಿ ಬೈದಳು, ಆದರೆ ಕಣ್ಣೊರೆಸಿಕೊಂಡಳು. ಗೇಟಕ್ಕನ ಕಷ್ಟ ಬೇರೆ. ಅತ್ತೆಯ ಎದುರು ಅವಳು ಎಂದೂ ಕಾಲು ಚಾಚಿ ಕೂತವಳಲ್ಲ. ಈಗ ಮಂಚ ಇರುವುದು ಬೊಂಬೆಯ ಎದುರಿಗೇ. ಗಾರೆ ಎಂದು ಅವಳಿಗೆ ಗೊತ್ತು, ಅವಳ ಕಾಲುಗಳಿಗೆ ಗೊತ್ತಿಲ್ಲ. ಒಂದು ವಾರ ಮುದುಡಿ ಮಲಗಿ ಮಂಡಿ ಹಿಡಿದುಕೊಂಡ ಮೇಲೆ ಚಾಪೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಜನ ಬಂದರು. ಗೇಟಿನವಳೇ ಮನೆಯಲ್ಲಿದ್ದಾಳೆಂದು ಮಿಕ್ಕ ಮೂರಕ್ಕಿಂತ ಇಲ್ಲಿಗೇ ಹೆಚ್ಚು ಬಂದರು. ಅವಳೂ ಕೇಳಿದವರಿಗೆಲ್ಲ ಹೇಳಿದಳು. ಡೀಸೆಲ್ ಎಂಜಿನ್ನು ಮೊದಲ ಸಲ ಬಂದಾಗ ಸದ್ದು ಗುರುತು ಸಿಗದೆ ತಾನು ಒಲೆ ಮೇಲಿನ ಹಾಲು ಬಿಟ್ಟು ಓಡಿದ್ದು. ಗೇಟು ತೆಗೆಯಲಿಲ್ಲವೆಂದು ಬೈದ ಡಾಕ್ಟರು ಮಾರನೇ ದಿನ ಬಂದು ಗಾಡಿಯ ವೇಗ ನೋಡಿ ಕೈಮುಗಿದು ಹೋದದ್ದು. ಯಾರೋ ತಿಳಿದವರು ಅಭಿಪ್ರಾಯದ ಪುಸ್ತಕದಲ್ಲಿ ಬರೆದರು: ತೋರಿಸುವ ವರ್ಷದಲ್ಲಿ ಈ ಮಾರ್ಗದಲ್ಲಿ ಡೀಸೆಲ್ ಇರಲಿಲ್ಲ, ತಪ್ಪು ಮಾಹಿತಿ ಕೊಡಲಾಗುತ್ತಿದೆ. ಮೇಷ್ಟ್ರು ಬಂದು ಸುತ್ತಿ ಬಳಸಿ ಹೇಳಿದರು, ಅತ್ತೆಯವರ ಕಾಲದ್ದಷ್ಟೇ ಹೇಳಿದರೆ ಸಾಕು. ಅಲ್ಲಿಂದಾಚೆ ಅವಳು ತಾನು ಕಂಡದ್ದನ್ನು ಬಿಟ್ಟು ಕೇಳಿದ್ದನ್ನು ಹೇಳತೊಡಗಿದಳು. ಎಲ್ಲ ಮಾತಿಗೂ 'ಅಂತೆ' ಸೇರಿತು. ತನ್ನ ಮನೆಯಲ್ಲಿ ನಿಂತು ತನ್ನ ಮನೆಯ ಕತೆಯನ್ನು ಪರವೂರಿನ ಕತೆಯಂತೆ ಹೇಳುವುದು ಬಾಯಿಗೆ ಒಗ್ಗಲಿಲ್ಲ. ದಿನ ಕಳೆದಂತೆ ಮಾತು ಕಡಿಮೆ ಮಾಡಿದಳು.

ಒಂದೂವರೆ ವರ್ಷದ ಮೇಲೆ ಇಲಾಖೆಯಿಂದ ಮೇಡಂ ಒಬ್ಬರು ಪರಿಶೀಲನೆಗೆ ಬಂದರು. ಒಳ್ಳೆಯವರೇ. ಮನೆ ನೋಡಿ ತುಂಬ ಮೆಚ್ಚಿದರು. ಒಂದು ಮೊಳೆಯೂ ತಪ್ಪಿಲ್ಲ ಎಂದರು. ಕಡೆಗೆ ಕಾಗದ ತೆಗೆದು ಗೇಟಕ್ಕನನ್ನು ಕೇಳಿದರು, ನೀವು ಈ ಮನೆಗೆ ಬಂದದ್ದು ಯಾವ ವರ್ಷ? ಹಿಂದೆ ನಿಂತಿದ್ದ ಮೇಷ್ಟ್ರು ಕಣ್ಣಿನಲ್ಲೇ ಏನೋ ಹೇಳಿದರು. ಅವಳಿಗೆ ತಿಳಿಯಲಿಲ್ಲವೆಂದಲ್ಲ. ಆದರೆ ಮೂವತ್ತು ವರ್ಷ ಕೊಟ್ಟ ನಂಬರನ್ನು ಕೊಟ್ಟಂತೆಯೇ ತಿರುಗಿ ಹೇಳಿದ ಬಾಯಿ ಅದು. ಬೋರ್ಡಿನಲ್ಲಿರೋದರ ಮುಂದಿನ ವರ್ಷ, ಮೊದಲನೇ ತಿಂಗಳು ಎಂದಳು.

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಕಾಗದದ ಸಾಲನ್ನು ಓದಿ ಹೇಳಿದರು. ಮನೆಯವರು ಎಂದರೆ ತೋರಿಸುವ ವರ್ಷದಲ್ಲಿ ಅಲ್ಲಿ ವಾಸವಿದ್ದವರು. ಆ ವರ್ಷ ಇಲ್ಲದವರು ಇಲ್ಲಿ ಇರುವಂತಿಲ್ಲ. ಆ ಸಾಲನ್ನು ಮೇಷ್ಟ್ರೂ ಓದಿದ್ದರು, ಹತ್ತು ಸಲ ಓದಿದ್ದರು. ನಲವತ್ತೇಳು ವರ್ಷ ಅಲ್ಲಿದ್ದವಳು ಮನೆಯವಳಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆಯೇ?

ದಾರಿ ಎರಡಿದ್ದವು, ಮೇಡಮ್ಮೇ ಹುಡುಕಿಕೊಟ್ಟರು. ಹಲಗೆಯ ಮೇಲಿರುವವರಲ್ಲಿ ಬದುಕಿರುವವಳು ಮಗಳು ಒಬ್ಬಳೇ. ಅವಳು ಬಂದು ಇಲ್ಲಿ ವಾಸವಿದ್ದರೆ ಜೊತೆಗೆ ಒಬ್ಬರು ಇರಬಹುದು. ಅದು ಆಗದ ಮಾತು. ಪುಟ್ಟಿಯ ಗಂಡ ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದ. ಅವನ ಉಸಿರಾಟದ ಮಿಷನ್ನಿಗೆ ಹಗಲೂ ರಾತ್ರಿ ಕರೆಂಟು ಬೇಕು. ಗೇಟುಮನೆಯಲ್ಲಿ ಈಗ ತಂತಿಯೇ ಇಲ್ಲ. ಎರಡನೆಯದು, ವರ್ಷವನ್ನು ಒಂದು ಮುಂದಕ್ಕೆ ಹಾಕುವುದು. ಆಗ ಸೊಸೆ ಒಳಗೆ ಬರುತ್ತಾಳೆ, ಮಗಳು ಹಲಗೆಯಿಂದ ಹೋಗುತ್ತಾಳೆ. ಅದಕ್ಕೆ ಮಗಳ ಒಪ್ಪಿಗೆಯ ಸಹಿ ಬೇಕು. ಮೇಷ್ಟ್ರು ತಾವೇ ಹೋಗಿ ಕೇಳುತ್ತೇನೆಂದರು. ಬೇಡ, ನಾನೇ ಕೇಳ್ತೀನಿ ಎಂದು ಗೇಟಕ್ಕ ಕಾಗದ ತೆಗೆದುಕೊಂಡಳು.

ಪುಟ್ಟಿಯ ಮನೆಯಲ್ಲಿ ಮಧ್ಯಾಹ್ನದ ಹೊತ್ತು. ಒಳಗಿನಿಂದ ಮಿಷನ್ನಿನ ಸದ್ದು. ಪುಟ್ಟಿ ಗಂಡನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಕೈ ತೊಳೆದು ಬಂದು ಕೂತಳು. ಮೂರು ವರ್ಷದಲ್ಲಿ ಅವಳು ಹೊರಗೆ ಕಾಲಿಡುತ್ತಿದ್ದದ್ದು ವಾರಕ್ಕೆ ಒಂದು ಗಂಟೆ; ಭಾನುವಾರ ಪಕ್ಕದಮನೆಯಾಕೆ ಬಂದು ಗಂಡನ ಬಳಿ ಕೂತರೆ ಗೇಟುಮನೆಗೆ ಬರುತ್ತಿದ್ದಳು. ಬಂದು, ಹುಡುಗಿಯಾಗಿದ್ದಾಗ ಪಾಠ ಓದುತ್ತಿದ್ದ ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿದ್ದಳು. ಅವಳ ಹಳೆಯ ಸ್ಲೇಟು, ರಿಬ್ಬನ್ನು ಅಲ್ಲಿಟ್ಟಿದ್ದರು. ನೋಡಲು ಬಂದವರಿಗೆ ಹಲಗೆ ತೋರಿಸಿ ಆ ಮಗಳು ನಾನೇ ಎನ್ನುತ್ತಿದ್ದಳು.

ಗೇಟಕ್ಕ ಚಹಾ ಕುಡಿದಳು. ಊರಿನ ಮಾತೆಲ್ಲ ಆಡಿದಳು. ಕಡೆಗೆ ಕಾಗದ ತೆಗೆದು ವಿಷಯ ಹೇಳಿದಳು, ಏನನ್ನೂ ಮುಚ್ಚದೆ, ಏನನ್ನೂ ಬೇಡದೆ.

ಪುಟ್ಟಿ ಕಾಗದವನ್ನು ಬಹಳ ಹೊತ್ತು ನೋಡಿದಳು. 'ಒಂದ್ಸಲ ನೀನು ಬರ್ತೀಯ ಅಂತ ನನ್ನ ಕಳಿಸಿದ್ರು ಅತ್ತಿಗೆ' ಎಂದಳು. ದನಿಯಲ್ಲಿ ಚುಚ್ಚು ಇರಲಿಲ್ಲ. 'ಈಗ ಇನ್ನೊಂದ್ಸಲ ಹೋಗ್ಬೇಕಾ?'

ಪುಟ್ಟಿಯೇ ಎದ್ದು ಗೂಡಿನಲ್ಲಿದ್ದ ಪೆನ್ನು ತಂದಳು. ಹೋಗ್ಲಿ ಬಿಡು, ನೀನು ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತೀಯ, ಎಲ್ಲಿ ಹಾಕ್ಬೇಕು ತೋರಿಸು ಎಂದು ಕಾಗದವನ್ನು ಮೊಣಕಾಲ ಮೇಲೆ ಹರವಿಕೊಂಡಳು. ಕಣ್ಣಿಂದ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ. ಪೆನ್ನು ಕಾಗದಕ್ಕೆ ತಾಗಿ ಚುಕ್ಕೆ ಮೂಡಿತು, ಮುಂದೆ ಹೋಗಲಿಲ್ಲ.

ಆಗ ಗೇಟಕ್ಕನಿಗೆ ಅತ್ತೆ ಒಮ್ಮೆ ಹೇಳಿದ್ದು ನೆನಪಾಯಿತು. ಇಡೀ ಜನ್ಮದಲ್ಲಿ ಅತ್ತೆ ಮರೆತದ್ದು ಒಂದೇ ಒಂದು ನಂಬರು. ಮಗಳನ್ನು ಕಳಿಸಿದ ಮಾರನೇ ದಿನ, ಬೆಳಗಿನ ಮೂರನೇ ಗಾಡಿಯದು. ಮಗನ ಹತ್ತಿರ ಆ ಜಾಗ ಖಾಲಿ ಬಿಡು ಎಂದರಂತೆ. ಇದನ್ನು ಅತ್ತೆ ಸೊಸೆಗೆ ಮಾತ್ರ ಹೇಳಿದ್ದರು, ಮಗಳಿಗೆ ಹೇಳಬೇಡ ಎಂದು ಮಾತು ತೆಗೆದುಕೊಂಡಿದ್ದರು. ಈಗಲೂ ಅವಳು ಹೇಳಲಿಲ್ಲ. ಪುಟ್ಟಿಯ ಕೈಯಿಂದ ಮೆಲ್ಲಗೆ ಪೆನ್ನು ಬಿಡಿಸಿದಳು, ಕಾಗದ ಎತ್ತಿ ಎರಡಾಗಿ ಮಡಚಿದಳು, ಮತ್ತೆ ನಾಲ್ಕಾಗಿ ಮಡಚಿದಳು.

'ನಿನ್ ಗಂಡನ್ನ ಮಗ್ಗುಲು ತಿರುಗ್ಸೋಕೆ ಇಬ್ರು ಬೇಕು ಅಂತಿದ್ಯಲ್ಲ' ಎಂದಳು. 'ಅಡುಗೆಮನೇಲಿ ಚಾಪೆ ಹಾಸೋಷ್ಟು ಜಾಗ ಇದ್ಯಾ?'

'ಇಲ್ಲ' ಎಂದಳು ಪುಟ್ಟಿ. 'ನನ್ ಮಂಚದ ಮೇಲೆ ಮಲಗು. ಗೊರಕೆ ಹೊಡೆದ್ರೆ ಒದೀತೀನಿ.'

ಮೇಷ್ಟ್ರಿಗೆ ತಿಳಿದಾಗ ಅವರು ಸಮಿತಿಗೆ ರಾಜೀನಾಮೆ ಬರೆದರಂತೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಅವರೇ ಮೂರು ದಿನದ ಮೇಲೆ ಅದನ್ನು ವಾಪಸು ತೆಗೆದುಕೊಂಡರು. ಶನಿವಾರ ಬರುವ ಬಸ್ಸಿಗೆ ಬೀಗ ತೆಗೆಯುವವರು ಬೇರೆ ಯಾರೂ ಇರಲಿಲ್ಲ. ಗೇಟಕ್ಕನ ಬಳಿ ಬಂದು ಏನಾದರೂ ಹೇಳಬೇಕೆಂದು ಜಗಲಿಯ ತನಕ ಬಂದರು. ಅವಳು ಒಳಗೆ ಬೂದಿ ತೋಡುತ್ತಿದ್ದಳು. ಕೂತುಕೊಳ್ಳಿ ಮೇಷ್ಟ್ರೇ ಎಂದಳು. ಅವರು ಕೂತು, ಜಗಲಿಯ ಮೇಲೆ ಬಿದ್ದಿದ್ದ ಟಿಕೆಟ್ಟಿನ ಚೂರುಗಳನ್ನು ಆಯ್ದುಕೊಂಡು ಎದ್ದು ಹೋದರು.

ಹೊರಡುವ ದಿನ ಸಾಮಾನು ಹೆಚ್ಚೇನೂ ಇರಲಿಲ್ಲ. ಅವಳದ್ದೆಲ್ಲ ಆಗಲೇ ಹೋಗಿತ್ತಲ್ಲ. ಎರಡು ಜೊತೆ ಬಟ್ಟೆ, ಚಾಪೆ, ಮಂಡಿನೋವಿನ ಎಣ್ಣೆಯ ಸೀಸೆ. ಬೆಳಿಗ್ಗೆ ಒಲೆ ಸಾರಿಸಿದಳು. ರಸ್ತೆ ತುದಿಯ ಕೊಳಾಯಿಯಿಂದ ಎರಡು ಕೊಡ ನೀರು ತಂದು ತುಂಬಿಸಿಟ್ಟಳು; ಖಾಲಿ ಕೊಡ ತೋರಿಸುವುದು ಚೆನ್ನಾಗಿರುವುದಿಲ್ಲ. ಬೊಂಬೆಯ ಮಡಿಲಿನ ಬಾವುಟ ಸಡಿಲವಾಗಿತ್ತು, ಬಿಚ್ಚಿ ಬಿಗಿಯಾಗಿ ಸುತ್ತಿಟ್ಟಳು. ಬರ್ತೀನಿ ಎಂದು ಹೇಳಲು ಬಾಯಿ ತೆರೆದವಳು, ಇನ್ನು ಬರುವುದಾದರೆ ಟಿಕೆಟ್ ತೆಗೆದುಕೊಂಡೇ ಬರಬೇಕೆಂಬುದು ಹೊಳೆದು ಸುಮ್ಮನಾದಳು.

ಗಂಟು ಎತ್ತಿಕೊಂಡು ಬಾಗಿಲಿಗೆ ಬಂದಾಗ ದಿನದ ಮೊದಲ ಬಸ್ಸಿನ ಜನ ಮೆಟ್ಟಿಲೇರುತ್ತಿದ್ದರು. ಮುಂದಿದ್ದ ಹೆಂಗಸು ಹಲಗೆ ಓದಿ, ಕತ್ತಲೆಯ ಕೋಣೆಯೊಳಗೆ ಇಣುಕಿ, ಕಾಲಿಡಲು ಅನುಮಾನಿಸಿದಳು.

'ಒಳಗೆ ಯಾರಾದ್ರೂ ಇದ್ದಾರಾ ಅಮ್ಮ?'

'ನಮ್ಮತ್ತೆ ಇದ್ದಾರೆ' ಎಂದಳು ಗೇಟಕ್ಕ. 'ಹೋಗಿ.'

ಪಕ್ಕಕ್ಕೆ ಸರಿದು ಅವರೆಲ್ಲರನ್ನೂ ಒಳಗೆ ಬಿಟ್ಟು, ಕಡೆಯವರು ಹೋದ ಮೇಲೆ ಮೆಟ್ಟಿಲಿಳಿದಳು.